ಚಪ್ಪಲಿಗೂ ಆಗುವ ಉಲ್ಲನ್ ಸಾಕ್ಸ್: ಮನೆಯವರಿಗೆ ನಾವೇ ಹೆಣೆಯೋಣ

ಡಿಸೆಂಬರ್ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ನಂದಿಬೆಟ್ಟ ಎಲ್ಲಿದೆ ಅಂತ ಹುಡುಕಬೇಕು. ಅಷ್ಟೊತ್ತಿಗೆ ನಮ್ಮಮ್ಮ ಹಸು ಕರೆದು, ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ವಾಪಸ್ಸು ಬಂದಿರುತ್ತಾಳೆ. ಮೈಗೆ ಸ್ವೆಟರ್, ತಲೆಗೆ ಟವೆಲ್, ಕಾಲಿಗೆ ಮಾತ್ರ ಬರೀ ಹವಾಯಿ ಚಪ್ಪಲಿ. ಹಿಮ್ಮಡಿ ಒಡೆದು ಸೀಳು ಬಿಟ್ಟಿರುತ್ತದೆ.

ಸಾಕ್ಸ್ ಕೊಡಿಸಿದೆ. ಎರಡು ದಿನ ಹಾಕಿ ಬಿಟ್ಟಳು. ತಪ್ಪು ಅವಳದಲ್ಲ. ಶೂ ಹಾಕುವವರಿಗೆ ಮಾಡಿದ ಸಾಕ್ಸ್ ಅದು. ಚಪ್ಪಲಿಯ ಉಂಗುಷ್ಟ ಬೆರಳ ಸಂದಿಗೆ ಹೋಗುವುದೇ ಇಲ್ಲ, ಬಲವಂತವಾಗಿ ತೂರಿಸಿದರೆ ಬಟ್ಟೆ ಬೆರಳನ್ನು ಹಿಂದಕ್ಕೆ ಎಳೆಯುತ್ತದೆ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಜಾರುತ್ತದೆ. ಹೆಬ್ಬೆರಳು ಬಿಡಿಯಾಗಿರುವ ಸಾಕ್ಸೂ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಾನು ನೋಡಿದ್ದೆಲ್ಲ ತೆಳು ನೈಲಾನ್, ಎಲ್ಲ ಕಾಲಿಗೂ ಒಂದೇ ಅಳತೆ. ಅದಕ್ಕೇ ನಾನೇ ಹೆಣೆದೆ. ಈಗ ಆ ಕ್ರಮವನ್ನೇ ಹೇಳುತ್ತೇನೆ. ಹೆಣಿಗೆಯ ಎರಡು ಮೂಲ ಹೊಲಿಗೆ, ಸೀದಾ (ನಿಟ್), ಉಲ್ಟಾ (ಪರ್ಲ್) ಹಾಕಲು ಬಂದರೆ ಸಾಕು, ಸ್ವೆಟರ್ ಹೆಣೆದು ಗೊತ್ತಿರಬೇಕು ಅಂತೇನೂ ಇಲ್ಲ.

ಮೊದಲು ಅಳತೆ. ಉಡುಗೊರೆ ಅಂದಮೇಲೆ ಮುಂಚೆಯೇ ಗೊತ್ತಾಗಬಾರದು, ಅಲ್ವಾ? ಟೇಪು ಹಿಡಿದು ಕಾಲು ಚಾಚು ಅನ್ನುವ ಹಾಗಿಲ್ಲ. ಅವರ ಹಳೆಯ ಹವಾಯಿ ಚಪ್ಪಲಿ ಎತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಹಿಮ್ಮಡಿ ಊರಿದ ಕಡೆ ಗುಂಡಗೆ ಸವೆದಿರುತ್ತದೆ, ಮುಂದೆ ಹೆಬ್ಬೆರಳು ಒತ್ತಿದ ಜಾಗ ಬೇರೆಯಾಗಿ, ಉಳಿದ ನಾಲ್ಕು ಬೆರಳಿನ ಗುರುತು ಸಾಲಾಗಿ ಕಪ್ಪಗೆ ಬಿದ್ದಿರುತ್ತದೆ. ಅಮ್ಮನ ಚಪ್ಪಲಿಯಲ್ಲಿ ಎರಡನೇ ಬೆರಳಿನ ಬುಡದಲ್ಲಿ ಕಾಲುಂಗುರ ಒತ್ತಿದ ಗೆರೆ ಕೂಡ ಕಾಣುತ್ತಿತ್ತು. ಹಿಮ್ಮಡಿಯ ಗುರುತಿನ ಹಿಂದಿನ ಅಂಚಿನಿಂದ ಉಂಗುಷ್ಟದ ತೂತಿನವರೆಗೆ ಅಳೆಯಿರಿ. ಈ ಸಾಕ್ಸಿಗೆ ಮುಖ್ಯವಾದ ಅಳತೆ ಇದೇ. ಪಾದದ ಸುತ್ತಳತೆ ಮಾತ್ರ ಚಪ್ಪಲಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಅವರು ಮಲಗಿದಾಗ ಬೆರಳ ಬುಡದ ಹತ್ತಿರ, ಪಾದ ಅಗಲ ಇರುವ ಕಡೆ, ಒಂದು ದಾರ ಸುತ್ತಿ ನೋಡಿಕೊಂಡರೆ ಆಯಿತು. ಅಮ್ಮನದು 9 ಇಂಚು ಬಂತು. ಕೆಳಗಿನ ಲೆಕ್ಕವೆಲ್ಲ ಆ 9 ಇಂಚಿನದು.

ಇನ್ನು ದಾರ. ನಮ್ಮದು ರೇಷ್ಮೆಯ ಜಿಲ್ಲೆ, ಶಿಡ್ಲಘಟ್ಟದಲ್ಲಿ ಗೂಡು ರಾಶಿ ರಾಶಿ ಬರುತ್ತದೆ. ಸಾಕ್ಸಿಗೆ ಬೇಕಾದ ಉಲ್ಲನ್ನಿಗೆ ಮಾತ್ರ ಸ್ವಲ್ಪ ಓಡಾಡಬೇಕು. ಚಳ್ಳಕೆರೆ ಕಡೆ ಕಂಬಳಿ ನೇಯುವ ನಮ್ಮ ಕುರಿಯ ಉಣ್ಣೆ ಗಟ್ಟಿಮುಟ್ಟು, ಆದರೆ ಒರಟು, ಬರಿಗಾಲಿಗೆ ಚುಚ್ಚುತ್ತದೆ. ಅದನ್ನು ಕಂಬಳಿಗೇ ಬಿಡೋಣ. ಪೇಟೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅಕ್ರಿಲಿಕ್. ಮೃದು, ಬೇಗ ಒಣಗುತ್ತದೆ, ಎಷ್ಟು ಸಲ ಒಗೆದರೂ ಕುಗ್ಗುವುದಿಲ್ಲ, ಆದರೆ ಬೆವರು ಹೀರುವುದಿಲ್ಲ. ಬೆಳಗಿನ ಒಂದೆರಡು ಗಂಟೆಗೆ ಅಕ್ರಿಲಿಕ್ ಸಾಕು. ದಿನವಿಡೀ ಹಾಕುವವರಿಗಾದರೆ ಉಣ್ಣೆ ಜಾಸ್ತಿ ಇರುವ ದಾರವೇ ಒಳ್ಳೆಯದು. ಸಾಕ್ಸಿಗೆಂದೇ ಬರುವ ದಾರದಲ್ಲಿ ಸಾಮಾನ್ಯವಾಗಿ 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುತ್ತದೆ. ನೈಲಾನ್ ಇರುವುದು ಸವೆಯದಿರಲಿ ಅಂತ. ಯಾವುದೇ ಆಗಲಿ ತೆಳುವಾದದ್ದು ತಗೊಳ್ಳಿ, ಬೇಬಿ ವುಲ್ ಅಂತ ಕೇಳಿ. ಸ್ವೆಟರಿನ ದಪ್ಪ ದಾರದಲ್ಲಿ ಹೆಣೆದರೆ ಚಪ್ಪಲಿಯ ಪಟ್ಟಿ ಬಿಗಿಯಾಗುತ್ತದೆ. ನೂರು ಗ್ರಾಂ ತಂದರೆ ಒಂದು ಜೊತೆಯಾಗಿ ಇನ್ನೂ ಮಿಗುತ್ತದೆ. ಮಿಕ್ಕಿದ್ದನ್ನು ಎಸೆಯಬೇಡಿ, ಕೆಲಸವಿದೆ.

ಕಡ್ಡಿ ಐದು ಬೇಕು, ಎರಡೂ ಕಡೆ ಚೂಪಿರುವಂಥದ್ದು, 11 ನಂಬರ್, ಅಂದರೆ 3 ಮಿಲಿಮೀಟರ್. ನಮ್ಮಲ್ಲಿ ಹಳೆಯ ನಂಬರ್ ಲೆಕ್ಕವೇ ಇನ್ನೂ ನಡೆಯುತ್ತದೆ, ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳು. ಹಿಂದೆ ಸೈಕಲ್ ಚಕ್ರದ ಕಡ್ಡಿಯನ್ನೇ ತುಂಡು ಮಾಡಿ, ತುದಿ ಉಜ್ಜಿ ಹೆಣೆಯುತ್ತಿದ್ದರು. ಅದು 2 ಮಿಲಿಮೀಟರ್, ಕಲಿಯುವವರಿಗೆ ತೀರಾ ತೆಳುವಾಯಿತು.

ಶುರು ಮಾಡುವ ಮುಂಚೆ ಒಂದು ಅಂಗೈಯಗಲದ ತುಂಡು ಹೆಣೆದು, ಸ್ಕೇಲ್ ಇಟ್ಟು, ಒಂದು ಇಂಚಿಗೆ ಎಷ್ಟು ಕುಣಿಕೆ ಬರುತ್ತದೆ ಅಂತ ಎಣಿಸಿ. ಇದು ಸುಮ್ನೆ ಟೈಮ್ ವೇಸ್ಟ್ ಅನ್ನಿಸಬಹುದು, ಆದರೂ ಬಿಡಬೇಡಿ. ನನಗೆ 7 ಬರುತ್ತದೆ. 9 ಇಂಚಿಗೆ 63 ಕುಣಿಕೆಯಾಯಿತು. ಸಾಕ್ಸ್ ಕಾಲಿಗಿಂತ ಹತ್ತನೇ ಒಂದು ಭಾಗ ಚಿಕ್ಕದಿರಬೇಕು, ಆಗಲೇ ಹಿಗ್ಗಿ ಕಾಲನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ 63ರಲ್ಲಿ ಆರೇಳು ಕಳೆದು, ನಾಲ್ಕರಿಂದ ಭಾಗವಾಗುವ 56 ಹಿಡಿದೆ.

ಎರಡು ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ 56 ಕುಣಿಕೆ ಹಾಕಿ, ಆಮೇಲೆ ಒಂದು ಕಡ್ಡಿ ಎಳೆದುಬಿಡಿ. ಬಾಯಿ ಸಡಿಲ ಬರುತ್ತದೆ, ಕಣಕಾಲಿಗೆ ಒತ್ತುವುದಿಲ್ಲ. ಕುಣಿಕೆಗಳನ್ನು ನಾಲ್ಕು ಕಡ್ಡಿಗೆ 14ರಂತೆ ಹಂಚಿ, ಎಲ್ಲೂ ತಿರುಚಿಕೊಂಡಿಲ್ಲ ಅಂತ ನೋಡಿಕೊಂಡು ಸುತ್ತು ಸೇರಿಸಿ. ಎರಡು ಸೀದಾ ಎರಡು ಉಲ್ಟಾ, 2 ಇಂಚು. ಆಮೇಲೆ ಬರೀ ಸೀದಾ, ಇನ್ನೆರಡು ಇಂಚು. ಸೀರೆ ಉಡುವವರಿಗೆ ಇಷ್ಟು ಉದ್ದ ಸಾಕು, ಹುಲ್ಲಿನ ಮೇಲಿನ ಇಬ್ಬನಿಗೆ ಬಾಯಿ ನೆನೆಯುವುದಿಲ್ಲ.

ಈಗ ಹಿಮ್ಮಡಿ. ಎಲ್ಲರೂ ಹೆದರುವುದು ಇಲ್ಲೇ. ಹೆದರಬೇಡಿ, ಒಂದೊಂದು ಸಾಲೂ ಹೇಳಿದ ಹಾಗೆ ಮಾಡುತ್ತಾ ಹೋದರೆ ಬಟ್ಟೆ ತಾನಾಗಿ ಬಟ್ಟಲಿನಂತೆ ಬಾಗುತ್ತದೆ. ಅರ್ಧ ಕುಣಿಕೆ, ಅಂದರೆ 28, ಒಂದೇ ಕಡ್ಡಿಗೆ ತಗೊಳ್ಳಿ. ಉಳಿದ 28 ಸುಮ್ಮನೆ ಕಾಯುತ್ತಿರಲಿ. ಉಲ್ಲನ್ ಜೊತೆ ಅದೇ ಬಣ್ಣದ ಪಾಲಿಯೆಸ್ಟರ್ ಹೊಲಿಗೆ ನೂಲು ಒಂದೆಳೆ ಸೇರಿಸಿಕೊಳ್ಳಿ, ಹಿಮ್ಮಡಿ ಬೇಗ ಸವೆಯುವುದಿಲ್ಲ. ಸೀದಾ ಕಡೆ: ಒಂದು ಕುಣಿಕೆ ಹೆಣೆಯದೆ ಜಾರಿಸಿ, ಒಂದು ಸೀದಾ, ಹೀಗೇ ಕೊನೆವರೆಗೆ. ಹಿಂದಿರುಗುವಾಗ ಮೊದಲನೆಯದು ಜಾರಿಸಿ, ಉಳಿದದ್ದೆಲ್ಲ ಉಲ್ಟಾ. ಒಟ್ಟು 28 ಸಾಲು. ಎರಡೂ ಅಂಚಿನಲ್ಲಿ ಜಡೆಯ ಹಾಗೆ 14 ದೊಡ್ಡ ಕುಣಿಕೆ ಕಾಣಬೇಕು.

ತಿರುಗಿಸುವುದು ಹೀಗೆ: 16 ಸೀದಾ ಹೆಣೆದು, ಎರಡು ಸೇರಿಸಿ ಒಂದು ಮಾಡಿ, ಇನ್ನೊಂದು ಸೀದಾ ಹಾಕಿ, ಅಲ್ಲಿಗೇ ನಿಲ್ಲಿಸಿ ತಿರುಗಿಸಿ. ಒಂದು ಜಾರಿಸಿ, 5 ಉಲ್ಟಾ, ಎರಡು ಸೇರಿಸಿ ಒಂದು ಉಲ್ಟಾ, ಇನ್ನೊಂದು ಉಲ್ಟಾ, ತಿರುಗಿಸಿ. ಇಲ್ಲಿಂದ ಮುಂದೆ ತಿರುಗಿಸಿದ ಜಾಗದಲ್ಲಿ ಸಣ್ಣ ಸಂದು ಕಾಣುತ್ತದೆ. ಪ್ರತಿ ಸಾಲಿನಲ್ಲೂ ಮೊದಲನೆಯದು ಜಾರಿಸಿ, ಸಂದಿಗೆ ಒಂದು ಕುಣಿಕೆ ಇರುವವರೆಗೆ ಹೆಣೆದು, ಸಂದಿನ ಆಚೆ ಈಚೆಯ ಎರಡನ್ನು ಸೇರಿಸಿ ಒಂದು ಮಾಡಿ, ಇನ್ನೊಂದು ಹಾಕಿ ತಿರುಗಿಸಿ. ಕೊನೆಯ ಎರಡು ಸಾಲಲ್ಲಿ ಆ ಇನ್ನೊಂದು ಇರುವುದಿಲ್ಲ, ಸೇರಿಸುವುದಕ್ಕೇ ಮುಗಿಯುತ್ತದೆ. ಕಡ್ಡಿಯ ಮೇಲೆ 16 ಉಳಿದರೆ ಸರಿಯಾಗಿದೆ.

ಆ 16ನ್ನು ಸೀದಾ ಹೆಣೆದು, ಪಕ್ಕದ ಜಡೆಯಿಂದ 14 ಕುಣಿಕೆ ಎತ್ತಿಕೊಳ್ಳಿ, ಮೂಲೆಯಲ್ಲಿ ತೂತು ಬೀಳದಿರಲು ಇನ್ನೊಂದು, ಒಟ್ಟು 15. ಕಾಯುತ್ತಿದ್ದ 28 ಹೆಣೆದು, ಆಚೆ ಬದಿಯಲ್ಲೂ 15 ಎತ್ತಿ. 74 ಆಯಿತು. ಹೊಲಿಗೆ ನೂಲು ಇಲ್ಲಿಗೆ ಬಿಡಿ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ, ಎತ್ತಿದ ಕುಣಿಕೆಗಳು ಪಾದದ ಮೇಲ್ಭಾಗಕ್ಕೆ ಸೇರುವ ಎರಡೂ ಕಡೆ ಒಂದೊಂದು ಕಡಿಮೆ ಮಾಡುತ್ತಾ ಬನ್ನಿ. ಒಂಬತ್ತು ಸಲಕ್ಕೆ 56ಕ್ಕೆ ಬರುತ್ತದೆ. ಆಮೇಲೆ ಟಿವಿ ನೋಡುತ್ತಲೂ ಹೆಣೆಯಬಹುದು, ಬರೀ ಸೀದಾ. ಹಿಮ್ಮಡಿಯ ಹಿಂದಿನಿಂದ ಅಳೆದು, ಚಪ್ಪಲಿಯ ತೂತಿನ ಅಳತೆಗೆ ಕಾಲಿಂಚು ಕಡಿಮೆ ಇರುವಾಗ ನಿಲ್ಲಿಸಿ.

ಇಲ್ಲಿವರೆಗೆ ಎಡಗಾಲು ಬಲಗಾಲು ಎರಡೂ ಒಂದೇ. ಇನ್ನು ಮುಂದೆ ಬೇರೆ ಬೇರೆ. ಸಾಕ್ಸನ್ನು ಮೇಲ್ಭಾಗ ಕಾಣುವ ಹಾಗೆ, ಬೆರಳಿನ ಕಡೆ ನಿಮ್ಮಿಂದ ಆಚೆ ಇರುವ ಹಾಗೆ ಮಂಚದ ಮೇಲಿಡಿ. ಬಲಗಾಲಿನದಾದರೆ ಹೆಬ್ಬೆರಳು ಎಡಬದಿಗೆ, ಎಡಗಾಲಿನದಾದರೆ ಬಲಬದಿಗೆ. ಆ ಬದಿಯಲ್ಲಿ ಮೇಲಿನಿಂದ 9, ಅಂಗಾಲಿನಿಂದ 9, ಒಟ್ಟು 18 ಕುಣಿಕೆಯನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿ ಬಿಟ್ಟುಬಿಡಿ. ಉಳಿದ 38 ಹೆಣೆಯಿರಿ, ಸಂದು ಬಂದ ಕಡೆ 4 ಹೊಸ ಕುಣಿಕೆ ಹಾಕಿ ಸುತ್ತು ಸೇರಿಸಿ, 42. ಇದು ನಾಲ್ಕು ಬೆರಳಿನ ಮನೆ. ಎರಡು ಸುತ್ತು ಹಾಗೇ ಹೆಣೆದು, ಒಂದು ಬಿಟ್ಟು ಒಂದು ಸುತ್ತಿನಲ್ಲಿ ಕಿರುಬೆರಳಿನ ಬದಿಯಲ್ಲಿ ಮಾತ್ರ ಮೇಲೊಂದು ಕೆಳಗೊಂದು ಕಡಿಮೆ ಮಾಡಿ. ನಾಲ್ಕು ಸಲ. 34 ಉಳಿಯುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಎರಡೂ ಬದಿಯಲ್ಲಿ ಹಾಗೇ, ಸುತ್ತಿಗೆ ನಾಲ್ಕರಂತೆ ನಾಲ್ಕು ಸುತ್ತು. 18 ಉಳಿದಾಗ ಮೇಲೆ 9, ಕೆಳಗೆ 9 ಮಾಡಿಕೊಂಡು ದಪ್ಪ ಸೂಜಿಯಿಂದ ಜೋಡಿಸಿ.

ಜೋಡಣೆಯನ್ನು ಸುಮ್ಮನೆ ಒಟ್ಟುಗೂಡಿಸಿ ಹೊಲಿದುಬಿಡಬೇಡಿ. ಒಳಗೆ ದಿಂಡು ನಿಂತು ಬೆರಳಿಗೆ ಉಜ್ಜುತ್ತದೆ. ಎರಡು ಕಡ್ಡಿ ಹಿಂದೆ ಮುಂದೆ ಹಿಡಿಯಿರಿ. ಶುರುವಿಗೆ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹಾಕುವ ಹಾಗೆ ಸೂಜಿ ತೂರಿಸಿ ಬಿಡಿ, ಹಿಂದಿನದರ ಮೊದಲನೆಯದಕ್ಕೆ ಸೀದಾ ಹಾಗೆ. ಆಮೇಲೆ ಇದೇ ಪಾಠ: ಮುಂದೆ, ಮೊದಲನೆಯದಕ್ಕೆ ಸೀದಾ ತೂರಿಸಿ ಕಡ್ಡಿಯಿಂದ ಇಳಿಸಿ, ಎರಡನೆಯದಕ್ಕೆ ಉಲ್ಟಾ ತೂರಿಸಿ ಬಿಡಿ. ಹಿಂದೆ, ಮೊದಲನೆಯದಕ್ಕೆ ಉಲ್ಟಾ ತೂರಿಸಿ ಇಳಿಸಿ, ಎರಡನೆಯದಕ್ಕೆ ಸೀದಾ ತೂರಿಸಿ ಬಿಡಿ. ಬಾಯಲ್ಲಿ ಹೇಳಿಕೊಂಡೇ ಮಾಡಿ, ಮಧ್ಯೆ ಎದ್ದು ಹೋಗಬೇಡಿ. ಕಾಲುಂಗುರ ಇರುವ ಬೆರಳು ಈ ಮನೆಯೊಳಗೇ ಬರುವುದರಿಂದ ಒಳಗೆ ದಾರದ ತುದಿ, ಗಂಟು ಏನೂ ಇರಬಾರದು. ಎರಡು ಬಣ್ಣದ ಡಿಸೈನ್ ಹಾಕುವ ಆಸೆ ಇದ್ದರೆ ಕಣಕಾಲಿನ ಹತ್ತಿರ ಹಾಕಿ. ಪಾದದಲ್ಲಿ ಹಾಕಿದರೆ ಒಳಗಿನ ಎಳೆಗಳು ಉಂಗುರಕ್ಕೆ ಸಿಕ್ಕಿಕೊಳ್ಳುತ್ತವೆ.

ಹೆಬ್ಬೆರಳಿಗೆ ಬನ್ನಿ. ಪೋಣಿಸಿಟ್ಟ 18 ಕಡ್ಡಿಗೆ ತಗೊಂಡು, ಸಂದಿನ 4 ಹೊಸ ಕುಣಿಕೆಯ ಬುಡದಿಂದ 4 ಎತ್ತಿದರೆ 22. ಚಪ್ಪಲಿಯ ಉಂಗುಷ್ಟ ದಿನಾ ಉಜ್ಜುವುದು ಇಲ್ಲಿಗೇ, ಅದಕ್ಕೆ ಮೊದಲ ಐದಾರು ಸುತ್ತು ಮತ್ತೆ ಹೊಲಿಗೆ ನೂಲು ಸೇರಿಸಿ. ಉಗುರಿನ ಅರ್ಧ ಮುಚ್ಚುವವರೆಗೆ ಹೆಣೆಯಿರಿ, ಸುಮಾರು ಹನ್ನೆರಡು ಸುತ್ತು. ಆಮೇಲೆ ಒಂದು ಸುತ್ತು ಎರಡೆರಡು ಸೇರಿಸಿ, 11. ಒಂದು ಸುತ್ತು ಹಾಗೇ. ಮತ್ತೆ ಎರಡೆರಡು ಸೇರಿಸಿ, 6. ದಾರ ಕತ್ತರಿಸಿ ಆರರೊಳಗೂ ಸೂಜಿಯಿಂದ ತೂರಿಸಿ ಎಳೆದು, ತುದಿಯನ್ನು ಒಳಗೆ ಹೊಲಿದು ಮುಚ್ಚಿ. ಸಂದಿನ ಮೂಲೆಯಲ್ಲಿ ಸಣ್ಣ ತೂತು ಉಳಿದರೆ ಅದೇ ದಾರದ ಬಾಲದಿಂದ ಎರಡು ಹೊಲಿಗೆ.

ಸಂಜೆ ಒಂದು ಗಂಟೆ ಕೂತರೂ ಹತ್ತು ಹನ್ನೆರಡು ದಿನಕ್ಕೆ ಒಂದು ಜೊತೆ ಆಗುತ್ತದೆ. ದಸರಾ ಮುಗಿದ ಮೇಲೆ ಶುರು ಮಾಡಿದರೆ ಧನುರ್ಮಾಸದ ಚಳಿಗೆ ಮೂರು ಜನರಿಗೆ ಕೊಡಬಹುದು.

ಯಾರಿಗೆ ಅನ್ನುವುದರ ಮೇಲೆ ಸ್ವಲ್ಪ ಬದಲಿಸಿ. ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಅಥವಾ ದೊಡ್ಡಪ್ಪನಿಗಾದರೆ ಬಿಳಿ ಇಲ್ಲವೇ ತಿಳಿ ಬಣ್ಣವನ್ನೇ ಆರಿಸಿ. ಕಾಲಲ್ಲಿ ಗಾಯವಾದರೂ ಅವರಿಗೆ ಗೊತ್ತಾಗದೇ ಹೋಗಬಹುದು, ತಿಳಿ ಬಣ್ಣವಾದರೆ ಕಲೆ ಕಣ್ಣಿಗೆ ಬೀಳುತ್ತದೆ. ಬಾಯಿಗೆ ಎಲಾಸ್ಟಿಕ್ ಬೇಡವೇ ಬೇಡ. ಅಜ್ಜಿಗೆ ಮನೆಯೊಳಗೆ ಹಾಕಿಕೊಳ್ಳಲಿ ಅಂತ ಕೊಡುವುದಾದರೆ ಗಾರೆ ನೆಲ, ಟೈಲ್ಸ್ ಮೇಲೆ ಉಲ್ಲನ್ ಜಾರುತ್ತದೆ ಅನ್ನುವುದನ್ನು ಮರೆಯಬೇಡಿ. ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಸೀಲೆಂಟಿನಿಂದ ಅಂಗಾಲಿನ ಕಡೆ ಚುಕ್ಕಿ ರಂಗೋಲಿಯ ಹಾಗೆ ಚುಕ್ಕಿ ಇಟ್ಟು, ಒಂದು ದಿನ ಪೂರ್ತಿ ಒಣಗಿಸಿ ಕೊಡಿ.

ಮನೆಯಲ್ಲಿ ಬಾಣಂತಿ ಇದ್ದರೆ ಬೇರೆ ಏನೂ ಯೋಚಿಸಬೇಡಿ, ಅವಳಿಗೆ ಸಾಕ್ಸ್, ಕೂಸಿಗೆ ಕುಲಾವಿ. ಕುಲಾವಿ ಸುಲಭ. ಇದೇ ದಾರ, ಇದೇ ಕಡ್ಡಿ, 88 ಕುಣಿಕೆ. ಒಂದು ಇಂಚು ಎರಡು ಸೀದಾ ಎರಡು ಉಲ್ಟಾ, ಒಟ್ಟು 4 ಇಂಚು ಆಗುವವರೆಗೆ ಸೀದಾ. ಆಮೇಲೆ ಎಂಟು ಭಾಗ ಮಾಡಿಕೊಂಡು, ಒಂದು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಭಾಗದ ಕೊನೆಗೆ ಎರಡು ಸೇರಿಸಿ ಒಂದು. 8 ಉಳಿದಾಗ ದಾರ ತೂರಿಸಿ ಎಳೆಯಿರಿ. ಕುತ್ತಿಗೆಗೆ ಕಟ್ಟುವ ದಾರ, ಗೊಂಡೆ ಬೇಡ. ಕೂಸಿಗೆ ಸಾಕ್ಸ್ ಹೆಣೆದರೆ ಕೊಡುವ ಮುಂಚೆ ಒಳಗಿನದು ಹೊರಗೆ ಮಾಡಿ ಬೆರಳಾಡಿಸಿ ನೋಡಿ. ಒಳಗೆ ಒಂದೆಳೆ ಸಡಿಲವಾಗಿದ್ದರೂ ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತ ಓಡದ ಹಾಗೆ ಮಾಡಬಹುದು, ಕೂಸು ಯಾಕೆ ಅಳುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕೊಡುವಾಗ ಒಗೆಯುವ ಕ್ರಮವನ್ನೂ ಹೇಳಿಬಿಡಿ. ಉಣ್ಣೆಯದಾದರೆ ತಣ್ಣೀರು, ಕಲ್ಲಿಗೆ ಕುಕ್ಕುವುದು, ಹಿಂಡುವುದು ಬೇಡ. ಹಂಡೆಯ ಬಿಸಿನೀರಿಗೆ ಹಾಕಿ ಉಜ್ಜಿದರೆ ಕುಗ್ಗಿ ಮಕ್ಕಳ ಸೈಜಿಗೆ ಬರುತ್ತದೆ. ಅಕ್ರಿಲಿಕ್ ಆದರೆ ಇಸ್ತ್ರಿ ಬೇಡ, ಒಲೆಯ ಪಕ್ಕ ಒಣಗಿಸುವುದೂ ಬೇಡ.

ಅಮ್ಮ ಈಗ ಮೂರನೇ ಚಳಿಗಾಲ ಅದೇ ಸಾಕ್ಸ್ ಹಾಕುತ್ತಿದ್ದಾಳೆ. ಹೋದ ವರ್ಷ ಹೆಬ್ಬೆರಳ ಸಂದಿನಲ್ಲಿ ನೂಲು ತೆಳುವಾಗಿತ್ತು. ಮಿಕ್ಕಿದ ಉಲ್ಲನ್ ಇದ್ದದ್ದು ಆಗ ಉಪಯೋಗಕ್ಕೆ ಬಂತು. ಪೂರ್ತಿ ಹರಿಯುವ ಮುಂಚೆಯೇ, ಒಳಗೆ ಒಂದು ಗುಂಡಗಿನ ನಿಂಬೆಹಣ್ಣು ತೂರಿಸಿ ಹಿಡಿದುಕೊಂಡು, ಉದ್ದಕ್ಕೆ ಎಳೆ ಹಾಸಿ, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ಚಾಪೆಯ ಹಾಗೆ ನೇಯ್ದೆ. ಹದಿನೈದು ನಿಮಿಷದ ಕೆಲಸ. ಬೆಳಿಗ್ಗೆ ಹಾಕಿಕೊಂಡು ಡೈರಿಗೆ ಹೋದಳು.