ಅಮೆರಿಕದಲ್ಲಿ ಡೀಸೆಲ್ ಪಿಕಪ್: ಆಪ್ಷನ್‌ಗಳಿಗೆ ಮೊದಲು ಬಾಗಿಲಿನ ಚೀಟಿ

ಅಮೆರಿಕದಲ್ಲಿ ಟ್ರೇಲರ್ ಎಳೆಯಲೆಂದು ದೊಡ್ಡ ಡೀಸೆಲ್ ಪಿಕಪ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಂಜಿನ್ ವಿಚಾರದಲ್ಲೇ ತಲೆಕೆಡಿಸಿಕೊಳ್ಳುತ್ತಾರೆ. ಫೋರ್ಡ್‌ನ 6.7 ಲೀಟರ್ ಪವರ್‌ಸ್ಟ್ರೋಕ್, ರ‍್ಯಾಮ್‌ನ 6.7 ಲೀಟರ್ ಕಮಿನ್ಸ್, ಷೆವರ್ಲೆ ಮತ್ತು ಜಿಎಂಸಿಯ 6.6 ಲೀಟರ್ ಡ್ಯೂರಾಮ್ಯಾಕ್ಸ್, ಇವುಗಳಲ್ಲಿ ಯಾವುದನ್ನು ಆರಿಸಿದರೂ ಎಳೆಯುವ ಶಕ್ತಿಗೆ ಬರವಿಲ್ಲ. ಮೊದಲು ಮುಗಿದುಹೋಗುವುದು ಗಾಡಿಯ ಹೊರುವ ಶಕ್ತಿ, ಅಂದರೆ ಪೇಲೋಡ್.

ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಗೈಯಗಲದ ಬಿಳಿ ಚೀಟಿಯೊಂದು ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದೆಂದು ಅದರಲ್ಲಿ ಬರೆದಿರುತ್ತದೆ. ಒಟ್ಟು ತೂಕದ ಮಿತಿ 10,000 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇರುವ ಪಿಕಪ್‌ಗಳಿಗೆ ಈ ಚೀಟಿ ಕಡ್ಡಾಯ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಬಹಳ ಭಾರವಾದ್ದರಿಂದ ಇಲ್ಲಿನ ಸಂಖ್ಯೆ ಹಲವರು ನಿರೀಕ್ಷಿಸುವುದಕ್ಕಿಂತ ಚಿಕ್ಕದಾಗಿರುತ್ತದೆ. ಚೀಟಿಯಲ್ಲಿ 2,400 ಪೌಂಡ್ ಎಂದಿದೆಯೆಂದು ಇಟ್ಟುಕೊಳ್ಳಿ. ನಾಲ್ವರಿಗೆ 600, ಟ್ರಕ್ಕಿನ ಹಿಂಬದಿಯ ತೊಟ್ಟಿಯಲ್ಲಿ ಕೂರಿಸುವ ಫಿಫ್ತ್ ವೀಲ್ ಹಿಚ್ಚಿಗೆ, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಗೆ, 200 ಕಳೆದರೆ 1,600 ಉಳಿಯುತ್ತದೆ. ಫಿಫ್ತ್ ವೀಲ್ ಟ್ರೇಲರಿನ ತೂಕದ ಸುಮಾರು ಐದನೆಯ ಒಂದು ಪಾಲು ಟ್ರಕ್ಕಿನ ಮೇಲೆಯೇ ಕೂರುವುದರಿಂದ 8,000 ಪೌಂಡಿನ ಟ್ರೇಲರಿಗೇ ಲೆಕ್ಕ ಮುಗಿಯಿತು; ಜಾಹೀರಾತಿನಲ್ಲಿ ಹೇಳುವ ಎಳೆಯುವ ಸಾಮರ್ಥ್ಯ ಇದರ ಎರಡು ಪಟ್ಟು ಇದ್ದರೂ ಪ್ರಯೋಜನವಿಲ್ಲ. ಇಂಥ ಟ್ರೇಲರ್ ಮನಸ್ಸಿನಲ್ಲಿದ್ದರೆ 250 ಅಥವಾ 2500 ಸಂಖ್ಯೆಯ ಗಾಡಿಯನ್ನು ಬಿಟ್ಟು ಹೆಚ್ಚು ಭಾರ ಹೊರುವ 350 ಅಥವಾ 3500ಕ್ಕೆ ಹೋಗುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ. ಸನ್‌ರೂಫ್, ತಾನಾಗಿ ಇಳಿಯುವ ಮೆಟ್ಟಿಲು, ತೊಟ್ಟಿಯ ಮುಚ್ಚಳ, ಉಪಕರಣದ ಪೆಟ್ಟಿಗೆ, ಇವೆಲ್ಲವೂ ಇದೇ ಸಂಖ್ಯೆಯನ್ನು ಕೊರೆಯುತ್ತವೆ.

ಕಾರ್ಖಾನೆಯಲ್ಲೇ ಹಾಕಿಸಬೇಕಾದವು ಕೆಲವಿವೆ. ಫಿಫ್ತ್ ವೀಲ್ ಮತ್ತು ಗೂಸ್‌ನೆಕ್ (ತೊಟ್ಟಿಯಲ್ಲೇ ಕೂರುವ ಇನ್ನೊಂದು ಬಗೆಯ ಕೊಂಡಿ) ಪ್ಯಾಕೇಜಿನಲ್ಲಿ ಹಿಚ್ಚಿನ ಆಧಾರ ಚಾಸಿಗೇ ಜೋಡಣೆಯಾಗಿ ಬರುತ್ತದೆ. ಆಮೇಲೆ ಹಾಕಿಸುವುದಾದರೆ ತೊಟ್ಟಿಯ ತಳ ಕೊರೆಯಬೇಕಾಗುತ್ತದೆ. ಟ್ರೇಲರಿನ ಬ್ರೇಕನ್ನು ಚಾಲಕನ ಬಳಿಯಿಂದಲೇ ನಿಯಂತ್ರಿಸುವ ಬ್ರೇಕ್ ಕಂಟ್ರೋಲರನ್ನೂ ಒಳಗೇ ಅಳವಡಿಸಿ ತರಿಸಿಕೊಳ್ಳಿ. ಆಕ್ಸಲ್ ಅನುಪಾತದ (ಚಕ್ರ ಒಂದು ಸುತ್ತು ಬರಲು ಡ್ರೈವ್ ಶಾಫ್ಟ್ ಎಷ್ಟು ಸುತ್ತಬೇಕೆಂಬ) ಸಂಖ್ಯೆ ಹೆಚ್ಚಿದಷ್ಟೂ ಭಾರ ಎಳೆಯುವುದು ಸಲೀಸು, ಇಂಧನದ ಖರ್ಚು ಮಾತ್ರ ತುಸು ಜಾಸ್ತಿ. ಹಿಮ ತಳ್ಳುವ ಕೆಲಸಕ್ಕಿಳಿಯುವವರು ಗಟ್ಟಿ ಮುಂಭಾಗದ ಸ್ಪ್ರಿಂಗುಗಳಿರುವ ಸ್ನೋ ಪ್ಲೌ ಪ್ಯಾಕೇಜನ್ನು ಆರ್ಡರ್ ಮಾಡುವಾಗಲೇ ಕೇಳಬೇಕು. ಮಿನ್ನೆಸೋಟ, ಡಕೋಟಗಳಂಥ ಚಳಿಯ ರಾಜ್ಯಗಳಲ್ಲಿರುವವರಿಗೆ ಬ್ಲಾಕ್ ಹೀಟರ್ ಅನಿವಾರ್ಯವೆಂದೇ ಹೇಳುತ್ತೇನೆ. ರಾತ್ರಿ ಅದರ ಪ್ಲಗ್ಗನ್ನು ಮನೆಯ ಸಾಮಾನ್ಯ ವಿದ್ಯುತ್ತಿಗೆ ಸಿಕ್ಕಿಸಿಟ್ಟರೆ ಬೆಳಿಗ್ಗೆ ಎಂಜಿನ್ ಬೆಚ್ಚಗಿರುತ್ತದೆ.

ಹೊಗೆ ಶುದ್ಧಿಗೆ ಬೇಕಾದ ಡಿಇಎಫ್ ದ್ರವದಲ್ಲಿ 32.5 ಶೇಕಡ ಯೂರಿಯ, ಉಳಿದದ್ದು ನೀರು. ಇದು ಮೈನಸ್ 11 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೆಪ್ಪುಗಟ್ಟುತ್ತದೆ, ಆದರೆ ಅದರ ಟ್ಯಾಂಕಿನೊಳಗೇ ಹೀಟರ್ ಇರುವುದರಿಂದ ಗಾಬರಿ ಬೇಡ. ಡಿಇಎಫ್ ವ್ಯವಸ್ಥೆ ಮತ್ತು ಮಸಿಯ ಫಿಲ್ಟರನ್ನು ಕಿತ್ತುಹಾಕಿಸಿ ಶಕ್ತಿ ಹೆಚ್ಚಿಸಿಕೊಳ್ಳಿ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅದು ಕೇಂದ್ರದ ಕ್ಲೀನ್ ಏರ್ ಕಾಯಿದೆಗೆ ವಿರುದ್ಧ. ಬೇರೆ ಬಿಡಿಭಾಗಗಳ ಮಾತು ಬೇರೆ: 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯ ಪ್ರಕಾರ, ಹೊರಗಿನ ಕಂಪನಿಯ ಭಾಗ ಹಾಕಿಸಿದ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ, ಆ ಭಾಗದಿಂದಲೇ ಕೆಡುಕಾಯಿತೆಂದು ತೋರಿಸಬೇಕು.

ಹೊಸ ಗಾಡಿಯ ಕಿಟಕಿಗೆ ಅಂಟಿಸಿದ ಬೆಲೆಪಟ್ಟಿ 1958ರ ಕಾಯಿದೆಯಿಂದ ಬಂದದ್ದು; ಸೆನೆಟರ್ ಮನ್ರೋನಿಯವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಕಾರ್ಖಾನೆಯ ಆಪ್ಷನ್‌ಗಳೂ ಸಾಗಣೆ ಶುಲ್ಕವೂ ಅದರಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಪಕ್ಕದಲ್ಲಿ ಎರಡನೆಯ ಚೀಟಿಯೊಂದಿದ್ದರೆ ಅದು ಡೀಲರ್ ಸೇರಿಸಿದ್ದು, ಬಣ್ಣದ ಲೇಪನ, ಟೈರಿಗೆ ನೈಟ್ರೋಜನ್ ಇತ್ಯಾದಿ. ಅದರ ಬಗ್ಗೆ ಚೌಕಾಸಿ ಮಾಡಲು ಸಂಕೋಚ ಬೇಡ. ಮಾರಾಟಕ್ಕೆ ಮುನ್ನ ಡೀಲರ್ ಸೇರಿಸಿದ ತೂಕ 100 ಪೌಂಡ್ ಮೀರಿದರೆ ಬಾಗಿಲಿನ ಚೀಟಿಯ ಸಂಖ್ಯೆಯನ್ನೂ ಅವರೇ ತಿದ್ದಿಕೊಡಬೇಕು. ಸಹಿ ಹಾಕುವ ಮೊದಲು ಆ ಬಾಗಿಲನ್ನು ಇನ್ನೊಮ್ಮೆ ತೆರೆದು ನೋಡಿ.