'ತಾಳು' ಅಂತ ಬರೆಯೋಕೆ ನನಗೆ ಮೂರು ವಾರ ಬೇಕಾಯ್ತು

ರಾಬರ್ಟ್ ಬರ್ನ್ಸ್ 1785ರ ನವೆಂಬರಿನಲ್ಲಿ ಬರೆದ ಇಲಿಯ ಪದ್ಯವನ್ನು ಕನ್ನಡಕ್ಕೆ ತರೋಣ ಅಂತ ಹೋದ ವರ್ಷ ಕೂತೆ. ಬರ್ನ್ಸ್ ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ರೈತ. ಹೊಲ ಉಳುವಾಗ ನೇಗಿಲಿಗೆ ಸಿಕ್ಕಿ ಒಂದು ಇಲಿಯ ಗೂಡು ಒಡೆದುಹೋಗುತ್ತದೆ, ಅವನು ನಿಂತು ಇಲಿಯ ಜೊತೆ ಮಾತಾಡುತ್ತಾನೆ. ಎಂಟೇ ಚರಣ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಆರನೇ ಚರಣದಲ್ಲಿ ಸಿಕ್ಕಿಬಿದ್ದೆ.

ಆ ಚರಣದಲ್ಲಿ ಗೂಡು ಹೋಗಿದೆ. ಎಲೆ, ಕೂಳೆ ಕಚ್ಚಿ ಕಚ್ಚಿ ತಂದು ಕಟ್ಟಿದ್ದು ಅದು. ಈಗ ಇಲಿ 'ಬಟ್ ಹೌಸ್ ಆರ್ ಹಾಲ್ಡ್' ಹೊರಗೆ ಬಿದ್ದಿದೆ, ಚಳಿಗಾಲದ ಮಂಜುಮಳೆಯನ್ನು 'ಥೋಲ್' ಮಾಡೋಕೆ. ಮೊದಲು ಎಡವಿದ್ದು 'ಬಟ್' ಮೇಲೆ. ಇಂಗ್ಲಿಷಿನ 'ಆದರೆ' ಅಂತ ಓದಿದರೆ ಸಾಲಿಗೆ ಅರ್ಥವೇ ಇಲ್ಲ. ಸ್ಕಾಟ್ಸ್ ಮಾತಿನಲ್ಲಿ ಇಲ್ಲಿ ಅದು 'ಇಲ್ಲದೆ'. ಗೊತ್ತಾದ ಮೇಲೆ ಅರ್ಧ ಸಾಲು ತಾನೇ ಬಂತು: ಮನೆಯಿಲ್ಲ, ಮಠವಿಲ್ಲ. ಅವರ 'ಹೌಸ್ ಆರ್ ಹಾಲ್ಡ್' ಕೂಡ ನಮ್ಮ ಮನೆಮಠದ ಹಾಗೇ ಜೋಡಿಯಾಗಿ ಬರುವ ಮಾತು, ಅಷ್ಟು ಸಲೀಸಾಗಿ ಕೂತಿದ್ದು ಇಡೀ ಪದ್ಯದಲ್ಲಿ ಇದೊಂದೇ.

ಉಳಿದದ್ದು ಥೋಲ್. ಒಂದು ಸಮಾಧಾನ, ಹೇಳೋಕೆ ಕಷ್ಟ ಇಲ್ಲ. ಸ್ಕಾಟ್‌ಗಳ 'ಓ' ನಮ್ಮ 'ಓ' ಥರವೇ ನೆಟ್ಟಗಿರುತ್ತದೆ, ಲಂಡನ್ನಿನವರ ಹಾಗೆ ಕೊನೆಯಲ್ಲಿ ಬಾಗುವುದಿಲ್ಲ.

ಮನೆಯಲ್ಲಿದ್ದ ಸಾಧಾರಣ ಇಂಗ್ಲಿಷ್ ಡಿಕ್ಷನರಿ ತೆಗೆದೆ. ಥೋಲ್ ಅಂದರೆ ದೋಣಿಯ ಅಂಚಿನಲ್ಲಿ ಹುಟ್ಟು ಜಾರದ ಹಾಗೆ ನೆಡುವ ಗೂಟ ಅಂತಿತ್ತು. ನನಗೆ ಖುಷಿಯೋ ಖುಷಿ. ಹುಟ್ಟಿನ ಒತ್ತಡವನ್ನೆಲ್ಲ ಆ ಗೂಟ ತಡೆಯುತ್ತದಲ್ವಾ, ಅದರಿಂದಲೇ 'ತಡೆದುಕೊಳ್ಳು' ಅನ್ನೋ ಅರ್ಥ ಬಂದಿರಬೇಕು ಅಂತ ನಾನೇ ಒಂದು ಕಥೆ ಕಟ್ಟಿ, ಇಬ್ಬರು ಗೆಳೆಯರಿಗೆ ಫೋನ್ ಮಾಡಿ ಹೇಳಿಯೂ ಆಯ್ತು. ಪೂರ್ತಿ ತಪ್ಪು. ಗೂಟದ ಥೋಲ್ ಬೇರೆ, ಕ್ರಿಯಾಪದದ ಥೋಲ್ ಬೇರೆ. ಕಾಗುಣಿತ ಒಂದೇ, ಹುಟ್ಟಿದ ಮನೆ ಬೇರೆ.

ಆಮೇಲೆ ಸರಿಯಾದ ಜಾಗಕ್ಕೆ ಹೋದೆ. ಸ್ಕಾಟ್ಸ್ ಭಾಷೆಗೆ ಎರಡು ದೊಡ್ಡ ನಿಘಂಟುಗಳಿವೆ: 1700ರವರೆಗಿನ ಮಾತಿಗೆ 12 ಸಂಪುಟಗಳದ್ದು, ಅಲ್ಲಿಂದೀಚೆಗಿನದಕ್ಕೆ 10 ಸಂಪುಟಗಳದ್ದು. ಎರಡನ್ನೂ ಒಟ್ಟಿಗೆ ಸೇರಿಸಿ 2004ರಲ್ಲಿ ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ನಾನು ಕಲಿತ ಒಂದು ಪಾಠ: ಇಂಥ ನಿಘಂಟಿನಲ್ಲಿ ಅರ್ಥ ಓದೋದಕ್ಕಿಂತ ಕೆಳಗೆ ಕೊಟ್ಟಿರುವ ಉದಾಹರಣೆಗಳನ್ನು ಇಸವಿ ಪ್ರಕಾರ ಓದಬೇಕು. ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ, ಪಕ್ಕದಲ್ಲಿ ಹೊಳೆದ ಕನ್ನಡ ಪದ.

ಥೋಲ್ ಅಂದರೆ ನೋವು, ಚಳಿ, ಶಿಕ್ಷೆ ಅನುಭವಿಸು. ಇಷ್ಟವಿಲ್ಲದವರನ್ನು ಸಹಿಸಿಕೋ. 'ಆಗಗೊಡು, ಬಿಡು' ಅಂತಲೂ ಹಳೆಯ ಅರ್ಥ ಇದೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಒಂದು ಕೆಲಸ ಅಷ್ಟೇನೂ ಚೆನ್ನಾಗಿಲ್ಲ ಅಂತ ಮೆತ್ತಗೆ ಹೇಳಬೇಕಾದರೆ 'ಇದು ಸ್ವಲ್ಪ ತಿದ್ದೋದನ್ನ ಥೋಲ್ ಮಾಡುತ್ತೆ' ಅನ್ನುತ್ತಾರೆ. ನಾವು ಸಾರಿನ ರುಚಿ ನೋಡಿ 'ಇನ್ನೊಂದು ಚಿಟಿಕೆ ಉಪ್ಪು ಹಿಡಿಯುತ್ತೆ' ಅಂತೀವಲ್ಲ, ಆ ಥರ.

ಸ್ಕಾಟ್ಲೆಂಡಿನ ಕೋರ್ಟಿನಲ್ಲೂ ಈ ಪದ ಇದೆ. ಒಬ್ಬ ಒಂದು ಸಲ ವಿಚಾರಣೆ ಎದುರಿಸಿ ತೀರ್ಪು ಬಂದಮೇಲೆ ಅವನು ತನ್ನ 'ಅಸೈಜ್' (ಅಂದರೆ ವಿಚಾರಣೆ) ಥೋಲ್ ಮಾಡಿದ್ದಾನೆ ಅನ್ನುತ್ತಾರೆ, ಅದೇ ಅಪರಾಧಕ್ಕೆ ಮತ್ತೆ ಅವನನ್ನು ಕಟಕಟೆಗೆ ನಿಲ್ಲಿಸುವ ಹಾಗಿಲ್ಲ. ಅವನು ತಪ್ಪಿತಸ್ಥ ಅಲ್ಲ ಅಂತ ಬಿಡುಗಡೆಯಾಗಿದ್ದರೂ ಮಾತು ಇದೇ. ಯಾಕೆಂದರೆ ವಿಚಾರಣೆ ಅನ್ನೋದೇ ಅನುಭವಿಸಬೇಕಾದ ಕಷ್ಟ! (ನಮ್ಮಲ್ಲಿ ಜಮೀನು ಕೇಸಿಗೆ ಅಲೆದವರನ್ನು ಕೇಳಿ, ಒಪ್ಪುತ್ತಾರೆ.) 2011ರ ಕಾನೂನು ಇದಕ್ಕೆ ಕೆಲವು ವಿನಾಯಿತಿ ತಂದಿತು, ಬಲವಾದ ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ವಿಚಾರಣೆ ಮಾಡಬಹುದು. 1977ರಲ್ಲಿ ಎಡಿನ್‌ಬರೋದಲ್ಲಿ ಕಾಣೆಯಾಗಿ ಕೊಲೆಯಾದ ಇಬ್ಬರು ಹುಡುಗಿಯರ ಕೇಸಿನಲ್ಲಿ 2007ರಲ್ಲಿ ಪಾರಾಗಿದ್ದವನಿಗೆ 2014ರಲ್ಲಿ ಶಿಕ್ಷೆಯಾಗಿದ್ದು ಹಾಗೇ.

ಇದು ಸ್ಕಾಟ್‌ಗಳೇ ಹುಟ್ಟಿಸಿದ ಪದವೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಥೋಲಿಯನ್' ಅಂತಿತ್ತು. ಹದಿನಾಲ್ಕನೇ ಶತಮಾನದ ಕೊನೆಗೆ ಲಂಡನ್ನಿನ ಕವಿ ಚಾಸರ್ ಕೂಡ ಒಬ್ಬ ಗಾಡಿ ಹೊಡೆಯುವವನ ಬಾಯಲ್ಲಿ ಈ ಪದ ಹಾಕಿದ್ದಾನೆ, ಅವನು ತನ್ನ ಕುದುರೆಗಳನ್ನು ಬಯ್ಯುತ್ತಾ 'ನಿಮ್ಮಿಂದ ನಾನು ಎಷ್ಟು ಥೋಲ್ ಮಾಡಿದೆ' ಅನ್ನುತ್ತಾನೆ. ಆಮೇಲೆ ಫ್ರೆಂಚಿನಿಂದ ಬಂದ 'ಸಫರ್', 'ಎಂಡ್ಯೂರ್' ದಕ್ಷಿಣದಲ್ಲಿ ಇದರ ಜಾಗ ಹಿಡಿದವು. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಇದು ಉಳಿಯಿತು, ಅಲ್ಲಿಂದ ವಲಸೆ ಹೋದವರ ಜೊತೆ ಉತ್ತರ ಐರ್ಲೆಂಡಿಗೂ ಹೋಯಿತು. ಕವಿ ಶೇಮಸ್ ಹೀನಿ ಅಲ್ಲಿಯವರು. ಹಳೆಯ ಇಂಗ್ಲಿಷಿನ 'ಬೇವುಲ್ಫ್' ಕಾವ್ಯವನ್ನು ಅನುವಾದಿಸುವಾಗ ಈ ಪದ ಕಂಡು, ಅದು ತಮ್ಮ ಮನೆಯ ಹಿರಿಯ ಹೆಂಗಸೊಬ್ಬರ ಬಾಯಲ್ಲಿ ಕೇಳಿದ್ದೇ ಅಂತ ಬೆರಗಾಗಿ ಬರೆದಿದ್ದಾರೆ. ಪುಸ್ತಕದ ಪದ ಅಂದುಕೊಂಡಿದ್ದು ಮನೆಯವರ ಮಾತಾಗಿತ್ತು.

ಈಗ ಅಸಲಿ ತಲೆನೋವಿಗೆ ಬರುತ್ತೇನೆ. ಥೋಲ್ ಅಂದ ತಕ್ಷಣ ಯಾವ ಕನ್ನಡಿಗನಿಗೂ ಏನು ನೆನಪಾಗುತ್ತೆ? ತಾಳು. ತಾಳಿದವನು ಬಾಳಿಯಾನು. ಸದ್ದು ಹತ್ತಿರ, ಅರ್ಥ ಅದೇ. ಎರಡೂ ಒಂದೇ ಬೇರಿನವು ಅಂತ ಉಬ್ಬಿಹೋದೆ, ಗೂಟದ ಕಥೆ ಮರೆತೇಬಿಟ್ಟೆ. ಆದರೆ ತಾಳು ಅಚ್ಚ ದ್ರಾವಿಡ ಪದ, ತಮಿಳರು ತಡೆಯಲಾರದ ದುಃಖಕ್ಕೆ 'ತಾಳಾದ' ಅನ್ನುತ್ತಾರೆ. ಥೋಲ್‌ಗೂ ಅದಕ್ಕೂ ನಂಟಿಲ್ಲ, ಸುಮ್ನೆ ಸದ್ದಿನ ಆಟ. ಥೋಲ್‌ನ ನಿಜವಾದ ನೆಂಟ ನಮ್ಮ ಬಾಯಲ್ಲೇ ಬೇರೆ ಕಡೆ ಕೂತಿದ್ದ. ಸಂಸ್ಕೃತದ 'ತ' ಇಂಗ್ಲಿಷ್ ಗುಂಪಿನ ಭಾಷೆಗಳಲ್ಲಿ 'ಥ' ಆಗುತ್ತದೆ: ತ್ರಿ ಅಲ್ಲಿ ಥ್ರೀ, ತೃಷ್ಣೆ ಅಲ್ಲಿ ಥರ್ಸ್ಟ್. ಆ ದಾರಿಯಲ್ಲೇ ಹೋದರೆ ಥೋಲ್‌ಗೆ ಸಿಗೋದು ತುಲಾ. ಎತ್ತು, ಭಾರ ಹೊರು ಅನ್ನೋ ಹಳೆಯ ಬೇರು ಅದು. ಲ್ಯಾಟಿನ್ನಿನಿಂದ ಬಂದ ಟಾಲರೇಟ್ ಕೂಡ ಅದೇ ಮನೆಯದು. ಉಡುಪಿಯಲ್ಲಿ ತುಲಾಭಾರ ಮಾಡಿಸುವಾಗ ತಕ್ಕಡಿ ಹೊರುವುದೂ, ಬರ್ನ್ಸನ ಇಲಿ ಚಳಿ ಹೊರುವುದೂ ಮೂಲದಲ್ಲಿ ಒಂದೇ ಕೆಲಸ.

ಇದೆಲ್ಲ ಗೊತ್ತಾದರೂ ಅನುವಾದಕ್ಕೆ ಮೂರು ಕಾಸಿನ ಉಪಯೋಗ ಆಗಲಿಲ್ಲ. ಇಲಿ ಚಳಿಯನ್ನು ತೂಗುತ್ತದೆ ಅಂತ ಬರೆಯೋಕಾಗುತ್ತಾ? ಮೊದಲ ಕರಡಿನಲ್ಲಿ 'ಸಹಿಸು' ಹಾಕಿದ್ದೆ, ಓದಿದರೆ ಇಲಿ ದೊಡ್ಡ ಮನಸ್ಸು ಮಾಡಿ ಚಳಿಯನ್ನು ಕ್ಷಮಿಸಿದ ಹಾಗಿತ್ತು. 'ಅನುಭವಿಸು' ಅಂದರೆ ಕರ್ಮಫಲದ ವಾಸನೆ, ಪಾಪ ಅದೇನು ತಪ್ಪು ಮಾಡಿತ್ತು? 'ತಡೆದುಕೋ' ಹತ್ತಿರ ಬಂತು, ಚಳಿಗೆ ನಾವು ಆಡೋದೂ ಅದೇ ಮಾತು, ಆದರೆ ಸಾಲು ಉದ್ದವಾಯಿತು. ತಾಳು ಹಾಕೋಕೆ ಮಾತ್ರ ಕೈ ಬರಲಿಲ್ಲ. ಸದ್ದಿಗೆ ಮರುಳಾಗಿ ಹಾಕಿದ್ದೀನಿ ಅಂತ ನನ್ನ ಮೇಲೆ ನನಗೇ ಅನುಮಾನ. ಜೊತೆಗೆ 'ಸ್ವಲ್ಪ ತಾಳು, ಅನ್ನ ಆಗ್ತಾ ಇದೆ' ಅನ್ನುವಾಗ ಅದು ಬರೀ 'ಕಾಯಿ' ಅಂತ ಅಲ್ವಾ?

ಆಮೇಲೆ ಹಾಳೆಯನ್ನು ಮತ್ತೆ ನೋಡಿದೆ. ಥೋಲ್ ಅಂದರೆ ಕೊನೆಗೆ ಇಷ್ಟೇ: ಬೇರೆ ದಾರಿಯಿಲ್ಲದೆ, ಇದು ಮುಗಿಯೋವರೆಗೆ ಇದ್ದಲ್ಲೇ ಇರೋದು. ಇಲಿ ಮಾಡೋದೂ ಅಷ್ಟೇ, ಅದಕ್ಕೆ ಕಾಯೋದು ಬಿಟ್ಟು ಇನ್ನೇನಿದೆ? ಹಾಗಾಗಿ ಮೂರನೇ ವಾರ ಹೀಗೆ ಬರೆದೆ:

ಮನೆಯಿಲ್ಲ ಮಠವಿಲ್ಲ, ಇನ್ನು ತಾಳಬೇಕು ನೀನು
ಮಂಜುಮಳೆಯ ಜಿಟಿಜಿಟಿ, ನೆಲ ಬೆಳ್ಳಗಾಗುವ ಚಳಿ.

'ನೆಲ ಬೆಳ್ಳಗಾಗುವ ಚಳಿ' ಅನ್ನೋದು ಇನ್ನೂ ಸಮಾಧಾನ ತಂದಿಲ್ಲ. ಬರ್ನ್ಸ್ ಅಲ್ಲಿ 'ಕ್ರಾನ್ರೂಖ್' ಅನ್ನುತ್ತಾನೆ, ಹುಲ್ಲಿನ ಮೇಲೆ ಹೆಪ್ಪುಗಟ್ಟಿ ಉಪ್ಪಿನ ಹಾಗೆ ಕಾಣುವ ಇಬ್ಬನಿ ಅದು. ನಮ್ಮ ಇಬ್ಬನಿ ಕರಗಿ ತೊಟ್ಟಿಕ್ಕುತ್ತದೆ, ಗಟ್ಟಿಯಾಗಲ್ಲ. ಅದಕ್ಕೆ ಪದ ಹುಡುಕುತ್ತಾ ಇದ್ದೀನಿ.