ಗೇಮ್ ಗಿಯರ್ ಬೋರ್ಡಿನಲ್ಲಿ ಸವೆದುಹೋದ ತಾಮ್ರದ ಗೆರೆಗಳನ್ನು ಸರಿಪಡಿಸುವ ಕ್ರಮ

ಸೆಗಾ ಕಂಪನಿಯ ಗೇಮ್ ಗಿಯರ್ 1990ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. ಆರು ಎಎ ಸೆಲ್‌ಗಳಿಂದ ನಡೆಯುವ, ಬಣ್ಣದ ಪರದೆಯುಳ್ಳ ಈ ಪುಟ್ಟ ಆಟದ ಯಂತ್ರಗಳಲ್ಲಿ ಇಂದು ಕೆಟ್ಟು ಕುಳಿತಿರುವವುಗಳ ದೋಷ ಹೆಚ್ಚಾಗಿ ಒಂದೇ ಮೂಲದ್ದು. ಬೋರ್ಡಿನ ಮೇಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು (ಒಳಗೆ ದ್ರವವಿದ್ದು ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು) ಕಾಲಕ್ರಮದಲ್ಲಿ ಸೋರುತ್ತವೆ, ಸೋರಿದ ದ್ರವವು ಅಕ್ಕಪಕ್ಕದ ತಾಮ್ರದ ಗೆರೆಗಳನ್ನು, ಅಂದರೆ ಟ್ರೇಸ್‌ಗಳನ್ನು, ನಿಧಾನವಾಗಿ ತಿಂದುಹಾಕುತ್ತದೆ. ಪರದೆ ಮಬ್ಬಾಗಿ ಕಾಣುವುದು, ಧ್ವನಿ ಕ್ಷೀಣಿಸುವುದು, ಸ್ವಿಚ್ ಹಾಕಿದೊಡನೆ ದೀಪ ಹೊತ್ತಿ ಆರಿಹೋಗುವುದು ಇದರ ಲಕ್ಷಣಗಳು. ಹೊಸ ಕೆಪಾಸಿಟರ್ ಹಾಕಿದ ಮೇಲೂ ಯಂತ್ರ ಸರಿಹೋಗದಿದ್ದರೆ ಬಹುತೇಕ ಯಾವುದೋ ಗೆರೆ ಕಡಿದಿರುತ್ತದೆ. ತಂತಿ ಬೆಸೆಯುವುದು ಈ ರಿಪೇರಿಯ ಕೊನೆಯ ಮತ್ತು ಸುಲಭದ ಭಾಗ. ಸವೆತ ಎಲ್ಲಿಯವರೆಗೆ ಹಬ್ಬಿದೆಯೆಂದು ಕಂಡುಹಿಡಿದು ಅದನ್ನು ಅಲ್ಲಿಯೇ ನಿಲ್ಲಿಸುವುದರಲ್ಲಿ ನಿಜವಾದ ಶ್ರಮವಿದೆ.

ಮೊದಲು ಸೆಲ್‌ಗಳನ್ನು ತೆಗೆಯಿರಿ. ಹಿಂಬದಿಯ ಕವಚವನ್ನು ಬಿಚ್ಚಲು ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಜೊತೆಗೆ 4.5 ಮಿ.ಮೀ. ಅಳತೆಯ ಗೇಮ್‌ಬಿಟ್ (ಆಟದ ಯಂತ್ರಗಳ ವಿಶೇಷ ಸ್ಕ್ರೂಗಳನ್ನು ಬಿಚ್ಚುವ ಉಪಕರಣ) ಕೂಡ ಬೇಕಾಗುತ್ತದೆ. ಒಳಗೆ ಮುಖ್ಯ ಬೋರ್ಡ್, ಪವರ್ ಬೋರ್ಡ್ ಮತ್ತು ಸೌಂಡ್ ಬೋರ್ಡ್ ಎಂಬ ಮೂರು ಬೋರ್ಡ್‌ಗಳಿದ್ದು, ಅವನ್ನು ಜೋಡಿಸುವ ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂಬುದನ್ನು ಕದಲಿಸುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮೂಲ ಪರದೆಯ ಹಿಂದೆ ಸಣ್ಣದೊಂದು ಫ್ಲೋರೆಸೆಂಟ್ ಟ್ಯೂಬ್ ಇದೆ. ಅದನ್ನು ಉರಿಸುವ ಭಾಗದಲ್ಲಿ ಹೆಚ್ಚಿನ ವೋಲ್ಟೇಜ್ ಇರುವುದರಿಂದ ಯಂತ್ರ ಚಾಲೂ ಇರುವಾಗ ಆ ಕಡೆ ಬೆರಳು ತಾಗಿಸಬಾರದು.

ಹಳೆಯ ಕೆಪಾಸಿಟರ್‌ಗಳನ್ನು ಇಕ್ಕಳದಿಂದ ತಿರುಚಿ ಕೀಳುವ ಪದ್ಧತಿಯೊಂದಿದೆ, ಅದನ್ನು ನಾನು ಒಪ್ಪುವುದಿಲ್ಲ. ಸವೆದ ಪ್ಯಾಡ್‌ಗಳು, ಅಂದರೆ ಬಿಡಿಭಾಗದ ಕಾಲುಗಳನ್ನು ಬೆಸೆಯುವ ತಾಮ್ರದ ತುಣುಕುಗಳು, ಬೋರ್ಡಿಗೆ ಸಡಿಲವಾಗಿ ಅಂಟಿಕೊಂಡಿರುವುದರಿಂದ, ತಿರುಚಿದಾಗ ಕೆಪಾಸಿಟರ್ ಜೊತೆಗೆ ಪ್ಯಾಡ್ ಕೂಡ ಕಿತ್ತುಬರುವ ಸಂಭವ ಹೆಚ್ಚು. ಎರಡೂ ಕಾಲುಗಳಿಗೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹತ್ತಲು ಹಚ್ಚುವ ಅಂಟು) ಹಚ್ಚಿ, 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ 63/37 ಸೀಸದ ಸೋಲ್ಡರನ್ನು (63 ಭಾಗ ತವರ, 37 ಭಾಗ ಸೀಸವಿರುವ ಬೆಸುಗೆ ಲೋಹ) ಧಾರಾಳವಾಗಿ ಸೇರಿಸಿ, ಎರಡು ಸೋಲ್ಡರಿಂಗ್ ಐರನ್‌ಗಳಿಂದ ಏಕಕಾಲಕ್ಕೆ ಕಾಯಿಸಿ ಎತ್ತುವುದು ಸುರಕ್ಷಿತ. ಒಂದೇ ಐರನ್ ಇದ್ದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಬೇಗಬೇಗನೆ ಹೋಗುತ್ತ, ಎಳೆಯದೆ, ತಾನಾಗಿ ಜಾರಲು ಬಿಡಬೇಕು. ಕಾಯಿಸಿದಾಗ ಮೀನಿನಂಥ ವಾಸನೆ ಬಂದರೆ ಅಲ್ಲಿ ದ್ರವ ಸೋರಿದೆಯೆಂದು ಖಚಿತವಾಗಿ ತಿಳಿಯಿರಿ. ಕಿಟಕಿ ತೆರೆದಿಟ್ಟು, ಹೊಗೆ ಮುಖಕ್ಕೆ ಬಾರದಂತೆ ಕುಳಿತು ಕೆಲಸ ಮಾಡಿ.

ಅನಂತರ ಶುಚಿಗೊಳಿಸುವ ಕೆಲಸ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಮಾನ್ಯ ಕೊಳೆಗೆ ಸಾಕು. ಹಸಿರು ಇಲ್ಲವೆ ನೀಲಿ ಪುಡಿ ಗಟ್ಟಿಯಾಗಿ ಕುಳಿತಿದ್ದರೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಅಷ್ಟು ಜಾಗವನ್ನು ಮಾತ್ರ ಒರೆಸಿ, ಡಿಸ್ಟಿಲ್ಡ್ ನೀರಿನಿಂದ ತೊಳೆದು, ಮತ್ತೆ ಆಲ್ಕೊಹಾಲ್ ಹಾಕಿ ಪೂರ್ತಿ ಒಣಗಿಸಬೇಕು. ವಿನೆಗರ್ ಬೋರ್ಡಿನಲ್ಲಿ ಉಳಿದರೆ ಅದೂ ತಾಮ್ರವನ್ನು ತಿನ್ನತೊಡಗುತ್ತದೆ.

ಈಗ ಭೂತಗನ್ನಡಿ ಹಿಡಿದು ಒಂದೊಂದೇ ಗೆರೆಯನ್ನು ನೋಡಿ. ಆರೋಗ್ಯವಂತ ಗೆರೆಯ ಮೇಲೆ ರಕ್ಷಣಾ ಲೇಪ ನುಣುಪಾಗಿ, ಒಂದೇ ಬಣ್ಣದಲ್ಲಿರುತ್ತದೆ. ಸವೆತ ಹೊಕ್ಕ ಗೆರೆಯ ಮೇಲೆ ಅದು ಕಪ್ಪಾಗಿ, ಸಣ್ಣ ಬೊಬ್ಬೆಗಳಂತೆ ಉಬ್ಬಿ, ಉಗುರು ತಾಗಿಸಿದರೆ ಪದರವಾಗಿ ಏಳುತ್ತದೆ. ಲೇಪದ ಅಡಿಯಲ್ಲೇ ಸವೆತ ಮುಂದುವರಿಯುವುದರಿಂದ ಕಣ್ಣಿಗೆ ಕಾಣುವ ಕಲೆಯ ಅಂಚೇ ಹಾನಿಯ ಅಂಚಲ್ಲ. ಫೈಬರ್‌ಗ್ಲಾಸ್ ಪೆನ್ನಿನಿಂದಾಗಲಿ ಹರಿತವಾದ ಬ್ಲೇಡಿನ ತುದಿಯಿಂದಾಗಲಿ ಲೇಪವನ್ನು ಮೆಲ್ಲಗೆ ಕೆರೆಯುತ್ತ, ಎರಡೂ ದಿಕ್ಕಿನಲ್ಲಿ ಹೊಳೆಯುವ ಗುಲಾಬಿ ಬಣ್ಣದ ತಾಮ್ರ ಸಿಗುವವರೆಗೆ ಹೋಗಬೇಕು. ಕಪ್ಪು ತಾಮ್ರಕ್ಕೆ ಸೋಲ್ಡರ್ ಹತ್ತುವುದಿಲ್ಲ, ಹತ್ತಿದಂತೆ ಕಂಡರೂ ನಿಲ್ಲುವುದಿಲ್ಲ. ಫೈಬರ್‌ಗ್ಲಾಸ್ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದಾದ್ದರಿಂದ ಕೈಗವಸು, ಮಾಸ್ಕ್ ಧರಿಸಿ, ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಗೆರೆ ಕಡಿದಿದೆಯೇ ಎಂದು ಮಲ್ಟಿಮೀಟರ್‌ನಿಂದ ನೋಡುವಾಗ ಸಂಪರ್ಕವಿದೆಯೆಂದು ಅದು ಮಾಡುವ ಬೀಪ್ ಶಬ್ದವನ್ನಷ್ಟೇ ನಂಬಬೇಡಿ. ಅನೇಕ ಮೀಟರ್‌ಗಳು ಹತ್ತಿಪ್ಪತ್ತು ಓಮ್ ರೋಧವಿದ್ದರೂ ಬೀಪ್ ಎನ್ನುತ್ತವೆ, ಅರ್ಧ ಸವೆದ ಗೆರೆಯೂ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಮೀಟರನ್ನು ಓಮ್‌ಗೆ ಇಟ್ಟು, ಮೊದಲು ಎರಡೂ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಗುರುತಿಸಿಕೊಳ್ಳಿ. ಗೆರೆಯ ಎರಡು ತುದಿಗಳ ನಡುವಿನ ಅಳತೆ ಅದಕ್ಕಿಂತ ಒಂದು ಓಮ್‌ನಷ್ಟು ಹೆಚ್ಚಿದ್ದರೂ ಆ ಗೆರೆಯನ್ನು ಸಂಶಯದಿಂದ ನೋಡಬೇಕು. ಅಳೆಯುವಾಗ ಬೋರ್ಡನ್ನು ಹಗುರವಾಗಿ ಒತ್ತಿ ನೋಡಿ, ಅಂಕಿ ಕುಣಿದರೆ ಅಲ್ಲಿ ಸೀಳು ಇದೆ.

ಕಡಿದ ಗೆರೆಗೆ ಎನಾಮಲ್ ಎಂಬ ವಿದ್ಯುತ್ ನಿರೋಧಕ ಲೇಪದ ತಾಮ್ರದ ತಂತಿ ಅತ್ಯುತ್ತಮ, ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಇದು ಸಿಗುತ್ತದೆ. ಕಾಲು ಮಿ.ಮೀ. ಅಗಲದ, 35 ಮೈಕ್ರಾನ್ ದಪ್ಪದ ಗೆರೆಯ ಅಡ್ಡಕೊಯ್ತದಲ್ಲಿರುವ ತಾಮ್ರವೂ 0.1 ಮಿ.ಮೀ. ವ್ಯಾಸದ ತಂತಿಯ ತಾಮ್ರವೂ ಹೆಚ್ಚುಕಡಿಮೆ ಸಮ, ಹೀಗಾಗಿ ಸಿಗ್ನಲ್ ಗೆರೆಗಳಿಗೆ ಈ ಕೂದಲೆಳೆ ಧಾರಾಳವಾಗಿ ಸಾಕು. ಪವರ್ ಬೋರ್ಡಿನಿಂದ ಬರುವ 5 ವೋಲ್ಟ್ ಮತ್ತು ಗ್ರೌಂಡ್ ಗೆರೆಗಳಿಗೆ 0.25 ಮಿ.ಮೀ. ತಂತಿ ಬಳಸಿ. ಬೆಳ್ಳಿ ಬೆರೆತ ವಾಹಕ ಶಾಯಿಯ ಪೆನ್ನುಗಳನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ, ಅದರ ರೋಧ ತಾಮ್ರಕ್ಕಿಂತ ಬಹಳ ಹೆಚ್ಚು ಮತ್ತು ಬೋರ್ಡ್ ಬಾಗಿದಾಗ ಅದು ಬಿರಿಯುತ್ತದೆ.

ಕೆರೆದ ತಾಮ್ರದ ಎರಡೂ ತುದಿಗಳಿಗೆ ಎರಡು ಮಿ.ಮೀ. ಉದ್ದಕ್ಕೆ ಫ್ಲಕ್ಸ್ ಹಚ್ಚಿ ತೆಳುವಾಗಿ ಸೋಲ್ಡರ್ ಲೇಪಿಸಿ. ಐರನ್ ತುದಿಯ ಮೇಲೆ ಸೋಲ್ಡರ್ ಹನಿ ನಿಲ್ಲಿಸಿ, ಸುಮಾರು 390 ಡಿಗ್ರಿಯಲ್ಲಿ ತಂತಿಯ ತುದಿಯನ್ನು ಅದರೊಳಗೆ ಹಿಡಿದರೆ ಪಾಲಿಯುರಥೇನ್ ಎನಾಮಲ್ ಸುಟ್ಟುಹೋಗಿ ತಂತಿ ಬೆಳ್ಳಗಾಗುತ್ತದೆ. ಬೋರ್ಡಿಗೆ ಬೆಸೆಯುವಾಗ ಉಷ್ಣತೆಯನ್ನು 320ಕ್ಕೆ ಇಳಿಸಿ. ಮೊದಲು ಒಂದು ತುದಿಯನ್ನು ಬೆಸೆದು, ತಂತಿಯನ್ನು ಹಳೆಯ ಗೆರೆಯ ದಾರಿಯಲ್ಲೇ ಚಿಮಟದಿಂದ ಮಲಗಿಸಿ, ಬಿಸಿ ತಾಳುವ ಕ್ಯಾಪ್ಟಾನ್ ಟೇಪಿನಿಂದ ಹಿಡಿಸಿ, ಆಮೇಲೆ ಇನ್ನೊಂದು ತುದಿಯನ್ನು ಬೆಸೆಯಬೇಕು. ಬಿಗಿದು ಎಳೆದ ತಂತಿ ಮುಂದೊಂದು ದಿನ ಪ್ಯಾಡನ್ನೇ ಎಬ್ಬಿಸುವುದರಿಂದ ತುಸು ಸಡಿಲ ಇರಲಿ. ಪ್ಯಾಡ್ ಕಿತ್ತುಹೋಗಿದ್ದರೆ ಅಲ್ಲಿ ಹೊಸದನ್ನು ಅಂಟಿಸಲು ಹೆಣಗುವುದಕ್ಕಿಂತ, ಆ ಗೆರೆ ಮುಂದೆ ಸೇರುವ ಬಿಡಿಭಾಗದ ಕಾಲಿಗೇ ನೇರವಾಗಿ ತಂತಿ ಎಳೆಯುವುದು ಹೆಚ್ಚು ಭದ್ರ.

ಬೋರ್ಡಿನ ಎರಡು ಬದಿಗಳನ್ನು ಜೋಡಿಸುವ ವಯಾ ಎಂಬ ಸಣ್ಣ ರಂಧ್ರಗಳನ್ನು ಮರೆಯಬಾರದು. ಸೋರಿದ ದ್ರವ ಅಲ್ಲಿ ಇಂಗಿ ಒಳಗೋಡೆಯ ತಾಮ್ರವನ್ನು ಕರಗಿಸಿದರೂ ಮೇಲಿಂದ ನೋಡಿದರೆ ಸರಿಯಾಗಿಯೇ ಕಾಣಬಹುದು. ಎರಡೂ ಬದಿಯಿಂದ ಅಳೆದು, ಸಂಪರ್ಕವಿಲ್ಲದಿದ್ದರೆ ರಂಧ್ರವನ್ನು ಸೂಜಿಯಿಂದ ಬಿಡಿಸಿ, ತೆಳುವಾದ ತಂತಿ ತೂರಿಸಿ, ಎರಡೂ ಬದಿಯಲ್ಲಿ ಬಾಗಿಸಿ ಬೆಸೆಯಿರಿ.

ಫ್ಲಕ್ಸ್ ತೊಳೆದು, ರಿಪೇರಿ ಮಾಡಿದ ಜಾಗಕ್ಕೆ ಯುವಿ (ಅತಿನೇರಳೆ) ಬೆಳಕಿನಲ್ಲಿ ಗಟ್ಟಿಯಾಗುವ ಸೋಲ್ಡರ್ ಮಾಸ್ಕ್ ಎಂಬ ರಕ್ಷಣಾ ಲೇಪವನ್ನು ತೆಳುವಾಗಿ ಹಚ್ಚಿ. ಆಮೇಲೆ ಹೊಸ ಕೆಪಾಸಿಟರ್‌ಗಳನ್ನು ಹಾಕುವಾಗ ಒಂದು ಅಂಶವನ್ನು ಎರಡೆರಡು ಸಲ ನೋಡಿಕೊಳ್ಳಿ: ಅಲ್ಯುಮಿನಿಯಂ ಡಬ್ಬಿಯ ಕೆಪಾಸಿಟರ್ ಮೇಲಿನ ಕಪ್ಪು ಗುರುತು ಋಣ ತುದಿಯನ್ನು ಸೂಚಿಸಿದರೆ, ಟ್ಯಾಂಟಲಮ್ ಕೆಪಾಸಿಟರ್ ಮೇಲಿನ ಪಟ್ಟಿ ಧನ ತುದಿಯನ್ನು ಸೂಚಿಸುತ್ತದೆ. ತಿರುಗುಮುರುಗಾಗಿ ಹಾಕಿದ ಟ್ಯಾಂಟಲಮ್ ಹೊತ್ತಿಕೊಳ್ಳಬಹುದು.

ಸೆಲ್ ಹಾಕುವ ಮೊದಲು 5 ವೋಲ್ಟ್ ಗೆರೆ ಮತ್ತು ಗ್ರೌಂಡ್ ನಡುವೆ ಅಳೆದು, ರೋಧ ಸೊನ್ನೆಯ ಹತ್ತಿರವಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಯಂತ್ರ ಚಾಲೂ ಆದ ಮೇಲೆ ಸ್ಪೀಕರ್ ಮತ್ತು ಹೆಡ್‌ಫೋನ್ ಎರಡರಲ್ಲೂ ಧ್ವನಿ ಕೇಳಿ, ಕಾಂಟ್ರಾಸ್ಟ್ ಚಕ್ರವನ್ನು ಪೂರ್ತಿ ತಿರುಗಿಸಿ ನೋಡಿ, ಅರ್ಧ ಗಂಟೆ ಓಡಿಸಿ. ಕೆಲವು ವಾರಗಳ ನಂತರ ಇನ್ನೊಮ್ಮೆ ಕವಚ ಬಿಚ್ಚಿ, ಬೆಸುಗೆಯ ಸುತ್ತ ಹಸಿರು ಮತ್ತೆ ಮೂಡಿದೆಯೇ ಎಂದು ಪರೀಕ್ಷಿಸಿ. ಮೂಡಿದ್ದರೆ ಲೇಪದ ಅಡಿಯಲ್ಲಿ ದ್ರವ ಇನ್ನೂ ಉಳಿದಿದೆ, ಅಲ್ಲಿಂದ ಇನ್ನಷ್ಟು ದೂರ ಕೆರೆದು ತೊಳೆಯಬೇಕಾಗುತ್ತದೆ.